ಹಲ್ಲಿನ ಪಂಚಾಂಗ

ಮನುಷ್ಯನ ಬಾಯಿ ಎಷ್ಟು ಬೇಕಾದರೂ ಸುಳ್ಳು ಹೇಳಲಿ, ಬಾಯೊಳಗಿನ ಹಲ್ಲು ಮಾತ್ರ ನಿಜವನ್ನೇ ಹೇಳುವಂತಾದರೆ ಏನು ಗತಿ?

ಹರಟೆಗೆ ಕೇಳಿದ ಪ್ರಶ್ನೆ ಅಂದುಕೊಳ್ಳಬೇಡಿ. ಎರಡು ಸಾವಿರದ ಐವತ್ತೊಂದನೇ ಇಸವಿಯಲ್ಲಿ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಅಂಥದೊಂದು ಯಂತ್ರ ಇತ್ತು. ಅದರ ಮುಂದೆ ದಿನಕ್ಕೆ ಎಂಟು ತಾಸು ಕೂತು ಊರವರ ಮಕ್ಕಳ ಹಾಲುಹಲ್ಲು ಓದುವುದು ಗುರುಪಾದ ಕಮ್ಮಾರನ ನೌಕರಿಯಾಗಿತ್ತು. ಮೂವತ್ನಾಲ್ಕರ ಗಂಡಸು, ಮದುವೆ ಇಲ್ಲ, ಕೆಲಸದಲ್ಲಿ ಒಂದು ತಪ್ಪಿಲ್ಲ. ಮಾತು ಕಡಿಮೆ, ಅದಕ್ಕೇ ಎಲ್ಲರೂ ಅವನನ್ನು ಒಳ್ಳೆಯವನು ಅನ್ನುತ್ತಿದ್ದರು. ಮಾತು ಕಡಿಮೆ ಇರುವವರಿಗೆ ಈ ಅನುಕೂಲ ಯಾವಾಗಲೂ ಉಂಟು.

ಯಂತ್ರದ ಕೆಲಸ ಬಹಳ ಕಷ್ಟದ್ದೇನಲ್ಲ. ಹಾಲುಹಲ್ಲು ಹೊರಗೆ ಕಾಣುವುದು ಕೂಸಿಗೆ ಆರೇಳು ತಿಂಗಳಾದ ಮೇಲೆ. ಆದರೆ ಅದು ದವಡೆಯೊಳಗೆ ಕಟ್ಟತೊಡಗುವುದು ಕೂಸು ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗಲೇ, ಐದನೇ ತಿಂಗಳ ಹೊತ್ತಿಗೆ. ದಿನಕ್ಕೊಂದು ಪದರ. ಮುಂದಿನ ಹಲ್ಲಾದರೆ ಹುಟ್ಟಿದ ಮೂರು ತಿಂಗಳಿಗೆ ಕಟ್ಟಿ ಮುಗಿಯುತ್ತದೆ. ತಾಯಿ ಉಂಡು ತಿಂದು ನೆಮ್ಮದಿಯಾಗಿದ್ದ ದಿನದ ಪದರ ತಿಳಿಯಾಗಿರುತ್ತದೆ, ಅವಳಿಗೆ ಜ್ವರವೋ ದುಃಖವೋ ಬಂದ ದಿನದ್ದು ಕಪ್ಪಾಗಿರುತ್ತದೆ. ಹುಟ್ಟಿದ ದಿನಕ್ಕೆ ಒಂದು ದಪ್ಪ ಗೆರೆ. ಇಷ್ಟು ಹಳೆಯ ವಿದ್ಯೆ. ಹೊಸದೇನೆಂದರೆ, ಹುಟ್ಟಿದ ಮೇಲೆ ಕೂಸನ್ನು ಯಾರ್ಯಾರು ಎದೆಗೆ ಅವುಚಿಕೊಂಡರೋ ಅವರ ಮೈಯ ಸೂಕ್ಷ್ಮ ಕಣಗಳು ಉಸಿರಿನ ಜೊತೆ ಒಳಗೆ ಹೋಗಿ ಆಯಾ ದಿನದ ಪದರದಲ್ಲಿ ಉಳಿದುಬಿಡುತ್ತವೆ. ಯಂತ್ರ ಹಲ್ಲನ್ನು ಕೂದಲಿಗಿಂತ ತೆಳ್ಳಗೆ ಸೀಳಿ, ಒಂದೊಂದೇ ಪದರಕ್ಕೆ ಬೆಳಕು ಬಿಟ್ಟು, ಯಾವ ದಿನ ಏನಾಯಿತು, ಯಾರಿದ್ದರು, ಯಾರಿರಲಿಲ್ಲ ಎಂದು ಅಚ್ಚು ಹಾಕಿ ಕೊಡುತ್ತಿತ್ತು. ಅದಕ್ಕೊಂದು ಉದ್ದನೆಯ ಹೆಸರಿತ್ತು. ಹುಬ್ಬಳ್ಳಿ ಧಾರವಾಡದ ಜನ ಅದನ್ನು ಹಲ್ಲಿನ ಪಂಚಾಂಗ ಅಂದರು, ಕೊನೆಗೆ ವಕೀಲರೂ ಹಾಗೇ ಅನ್ನತೊಡಗಿದರು.

ಯಂತ್ರ ಬಂದ ಬೆನ್ನಿಗೆ ಕಾಯ್ದೆಯೂ ಬಂತು. ಮದುವೆಯಾಗದ ತಂದೆಯೊಬ್ಬ, ತಾಯಿಯಿಲ್ಲದ ಮಗುವನ್ನು ತನಗೆ ಕೊಡಿ ಎಂದು ಕೋರ್ಟಿಗೆ ಬಂದರೆ ಎರಡು ಪ್ರಶ್ನೆಗೆ ಉತ್ತರ ಸಿಗಬೇಕು. ಒಂದು, ರಕ್ತ: ಮಗು ಅವನದು ಹೌದೋ ಅಲ್ಲವೋ. ಎರಡು, ಒಡನಾಟ: ಅವನಿಂದ ಮಗುವಿಗೆ ಕೆಡುಕಾಗಿದೆಯೋ ಇಲ್ಲವೋ. ಮೊದಲನೆಯದು ಸಾಬೀತಾದರೆ ತಂದೆ ಎಂಬ ಹೆಸರು ಸಿಗುತ್ತದೆ. ಎರಡನೆಯದರಲ್ಲಿ ಕೆಡುಕು ಕಾಣದಿದ್ದರೆ ಮಗುವೇ ಸಿಗುತ್ತದೆ. ಮಗು ತನ್ನದೆಂದು ತಿಳಿಯದೆ ದೂರ ಉಳಿದವನ ಗೈರುಹಾಜರಿಯನ್ನು ಕೆಡುಕೆಂದು ಹಿಡಿಯುವಂತಿಲ್ಲ. ಇಷ್ಟರ ಮೇಲೆ ಇನ್ನೊಂದು ಕಟ್ಟುನಿಟ್ಟು: ಸಾಕುತ್ತಿರುವವರು ಒಪ್ಪದೆ ಮಗುವಿನ ಮೈಯಿಂದ ಒಂದು ಹನಿ ಜೊಲ್ಲನ್ನೂ ತೆಗೆಯಬಾರದು. ಮೈ ತಾನಾಗಿ ಬಿಟ್ಟದ್ದನ್ನು ಮಾತ್ರ ಮುಟ್ಟಬಹುದು. ಅಂದರೆ, ಬಿದ್ದ ಹಲ್ಲು.

ಹಾಗಾಗಿ ಗುರುಪಾದ ತನ್ನ ಮಗಳ ಹಲ್ಲು ಬೀಳುವುದನ್ನು ಕಾಯುತ್ತ ಎರಡು ವರ್ಷ ಕೂತಿದ್ದ.

*

ಮಗಳ ಹೆಸರು ಭಾಗೀರಥಿ, ಓಣಿಯ ಬಾಯಲ್ಲಿ ಭಾಗಿ. ತಾಯಿ ಕಸ್ತೂರಿ ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಗುರುಪಾದ ದಿನವೂ ಅದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಮೊದಲು ಟಿಕೆಟ್ಟು, ಆಮೇಲೆ ನಗು, ಆಮೇಲೆ ಉಣಕಲ್ ಕೆರೆಯ ದಂಡೆ. ಎರಡು ವರ್ಷ ಹೀಗೇ ನಡೆಯಿತು. ಅವಳು ಬಸುರಾದಾಗ ಗುರುಪಾದನ ಅಕ್ಕನಿಗೆ ಗಂಡು ಗೊತ್ತಾಗಿತ್ತು. ಗುರುಪಾದನ ತಾಯಿ ಮಗನ ಮುಂದೆ ಕೂತು, ಈಗ ಇಂಥ ಸುದ್ದಿ ಹೊರಗೆ ಬಿದ್ದರೆ ಅಕ್ಕನ ಮದುವೆ ಮುರಿಯುತ್ತದೆ ಎಂದು ಅತ್ತಳು. ಅದೇ ಹೊತ್ತಿಗೆ ಡಿಪೋದಲ್ಲಿ ಯಾರೋ, ಕಸ್ತೂರಿ ಒಬ್ಬ ಡ್ರೈವರನ ಜೊತೆಗೂ ನಕ್ಕು ಮಾತಾಡುತ್ತಾಳೆ ಅಂದರು. ಗುರುಪಾದ ಆ ಮಾತನ್ನು ನಂಬಲಿಲ್ಲ. ನಂಬದಿದ್ದರೂ ಅದನ್ನು ಎತ್ತಿ ಜೇಬಿಗಿಟ್ಟುಕೊಂಡ. ಮನುಷ್ಯ ಎಂಥ ಹೊಲಸನ್ನಾದರೂ ಮುಂದೆ ಬೇಕಾದೀತೆಂದು ಇಟ್ಟುಕೊಳ್ಳುತ್ತಾನೆ ನೋಡಿ.

ಬೇಕಾಯಿತು. ಡಿಪೋದ ಸಂಘದ ಕೋಣೆಯಲ್ಲಿ ಮೂವರು ಹಿರಿಯರು ಇಬ್ಬರನ್ನೂ ಕೂರಿಸಿ ಕೇಳಿದರು, ಕೂಸು ನಿನ್ನದೇನು ಎಂದು. ಅವಳಿಗೆ ಆಗ ಏಳೂವರೆ ತಿಂಗಳು. ಖಾಕಿ ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಗುರುಪಾದ ನೆಲ ನೋಡುತ್ತ, ನನಗೂ ಅದಕ್ಕೂ ಸಂಬಂಧ ಇಲ್ಲ, ಡ್ರೈವರನ್ನು ಕೇಳಿ ಅಂದ. ಕಸ್ತೂರಿ ಅಳಲಿಲ್ಲ, ಬಯ್ಯಲಿಲ್ಲ. ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡು, ಹನ್ನೊಂದೂ ಹತ್ತರ ಗಾಡಿ ಹೊರಡುವ ಹೊತ್ತಾಯಿತು ಎಂದು ಹೇಳಿ ಡ್ಯೂಟಿಗೆ ಹೋದಳು. ಆ ಮೂವರಲ್ಲಿ ಒಬ್ಬರು ಆಮೇಲೆ ತೀರಿಕೊಂಡರು, ಇಬ್ಬರು ನಿವೃತ್ತಿಯಾಗಿ ಎಲ್ಲಿಗೋ ಹೋದರು. ಯಾರೂ ಏನೂ ಬರೆದಿಡಲಿಲ್ಲ. ಕಸ್ತೂರಿ ತನ್ನ ತಾಯಿ ನೀಲವ್ವನಿಗೆ ಹೇಳಿದ್ದು ಮೂರೇ ಮಾತು: ಕೂಸು ಗುರುಪಾದನದು, ಅವನು ಬರುವುದಿಲ್ಲ, ಅವನನ್ನು ಏನೂ ಕೇಳಬೇಡ. ಕೋಣೆಯ ಸುದ್ದಿ ಅವಳು ಎತ್ತಲೇ ಇಲ್ಲ.

ಭಾಗಿಗೆ ನಾಲ್ಕು ವರ್ಷವಾದಾಗ ಕಸ್ತೂರಿ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಅಷ್ಟರಲ್ಲಿ ಗುರುಪಾದನ ತಾಯಿಯೂ ತೀರಿದ್ದಳು, ಅಕ್ಕ ತನ್ನ ಸಂಸಾರದಲ್ಲಿ ಸುಖವಾಗಿದ್ದಳು. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ನೀಲವ್ವನ ಸೆರಗು ಹಿಡಿದು ನಿಂತ ಹುಡುಗಿ ಅವನ ಕಣ್ಣಿಗೆ ಬಿತ್ತು. ಕಿವಿಯ ಹಾಲೆ ಅವನ ತಾಯಿಯದೇ. ಅವನು ಆ ಸಂಜೆ ಬಸ್ಸು ಹತ್ತದೆ ನಡೆದೇ ಮನೆಗೆ ಹೋದ. ಮಗಳು ಬೇಕು ಅನ್ನಿಸಿತು. ಬೇಕು ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಬೇಕು ಅನ್ನುವುದೇ ಗೆದ್ದಿತು. ಅರ್ಜಿಯಲ್ಲಿ ವಕೀಲರು, ಮಗು ತನ್ನದೆಂದು ಅರ್ಜಿದಾರನಿಗೆ ತಿಳಿದಿರಲಿಲ್ಲ ಎಂದು ಬರೆದರು. ಗುರುಪಾದ ಓದಿದ. ಓದಿ, ಸಹಿ ಮಾಡಿದ.

*

ಭಾಗಿಗೆ ಆರು ತುಂಬಿದ ಮೇಲೆ, ದೀಪಾವಳಿಯ ರಜೆಯಲ್ಲಿ, ಕೆಳಗಿನ ಮುಂದಿನ ಹಲ್ಲು ಬಿತ್ತು. ಕೋರ್ಟಿನ ನೋಟಿಸು ಕೈಗೆ ಬಂದಾಗ ನೀಲವ್ವ, ಹಲ್ಲು ಬಿದ್ದದ್ದು ಖರೆ, ಪದ್ಧತಿ ಪ್ರಕಾರ ಮನೆ ಮೇಲೆ ಒಗೆದೆ, ಬೇಕಾದರೆ ಹುಡುಕಿಕೊಳ್ಳಿ ಅಂದಳು.

ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಹಾಲುಹಲ್ಲು ಬಿದ್ದರೆ ಸೆಗಣಿಯ ಉಂಡೆಯೊಳಗೆ ಇಟ್ಟು, ಹಳೆಯದು ತಗೋ ಹೊಸದು ಕೊಡು ಎಂದು ಮಾಡಿನ ಮೇಲೆ ಎಸೆಯುವುದು. ಕೋರ್ಟಿನ ಅಮೀನ ಹುಲಿಕಟ್ಟಿ ಅನ್ನುವವನು ಏಣಿ ತಂದ. ಸರಕಾರಿ ನೌಕರಿಗೆ ಸೇರಿ ಇಪ್ಪತ್ತಾರು ವರ್ಷದಲ್ಲಿ ಎಮ್ಮೆ ಜಪ್ತಿ ಮಾಡಿದ್ದೇನೆ, ಲಾರಿ ಜಪ್ತಿ ಮಾಡಿದ್ದೇನೆ, ಹಲ್ಲು ಜಪ್ತಿ ಮಾಡುವ ಯೋಗ ಈಗ ಬಂತು ಎಂದು ಗೊಣಗುತ್ತ ಹಂಚಿನ ಮೇಲೆ ಮಂಡಿಯೂರಿದ. ಓಣಿಯವರೆಲ್ಲ ಕೆಳಗೆ ನಿಂತು, ಇತ್ತ ನೋಡು, ಅತ್ತ ನೋಡು ಎಂದು ಹೇಳಿಕೊಟ್ಟರು. ನೀಲವ್ವ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

ತಾಸು ಹೊತ್ತಿನ ಮೇಲೆ ಗೋಡೆಗೂ ಹಂಚಿಗೂ ನಡುವಿನ ಸಂದಿಯಲ್ಲಿ, ಮಳೆನೀರು ತಾಗದ ಜಾಗದಲ್ಲಿ, ಅಮೀನನ ಕೈಗೆ ಅಡಿಕೆ ಗಾತ್ರದ ಒಣಗಿದ ಸೆಗಣಿ ಉಂಡೆ ಸಿಕ್ಕಿತು. ಒಡೆದು ನೋಡಿದರೆ ಒಳಗೆ ಹಲ್ಲು. ನೀಲವ್ವನ ಕೈ ಅಕ್ಕಿಯೊಳಗೆ ಹಾಗೇ ನಿಂತಿತು. ಸಿಕ್ಕಿಬಿತ್ತಲ್ಲ ಎಂದು ಹೆದರಿದಳು ಅಂತ ಗುರುಪಾದ ತಿಳಿದ. ಬೇಲಿಯ ಆಚೆ ನಿಂತಿದ್ದ ಅವನು ಅಮೀನನಿಗೆ ಮನಸ್ಸಿನಲ್ಲೇ ಕೈ ಮುಗಿದ.

*

ತನ್ನ ಪ್ರಕರಣದ ಹಲ್ಲನ್ನು ಅವನು ಮುಟ್ಟುವಂತಿರಲಿಲ್ಲ. ಓದಿದವರು ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಸಲ್ಮಾ ಮುಲ್ಲಾ. ಅವನು ಹೊರಗಿನ ಬೆಂಚಿನ ಮೇಲೆ ಕೂತು ಗಾಜಿನಾಚೆ ಯಂತ್ರದ ಹಸಿರು ದೀಪ ನೋಡುತ್ತಿದ್ದ. ಅವನಿಗೆ ಹೆದರಿಕೆ ಇದ್ದದ್ದು ಒಂದೇ ಪದರದ ಬಗ್ಗೆ. ಭಾಗಿ ಹುಟ್ಟಿದ್ದು ಸೆಪ್ಟೆಂಬರ್ ಇಪ್ಪತ್ತೇಳಕ್ಕೆ. ಸಂಘದ ಕೋಣೆಯಲ್ಲಿ ಅವನು ಬಾಯಿ ಬಿಟ್ಟದ್ದು ಆಗಸ್ಟ್ ಹನ್ನೊಂದು, ಶುಕ್ರವಾರ. ಹುಟ್ಟಿನ ಗೆರೆಯಿಂದ ಹಿಂದಕ್ಕೆ ಎಣಿಸಿದರೆ ನಲವತ್ತೇಳನೆಯದು. ಎರಡು ವರ್ಷದಿಂದ ಯಾರ ಮಗುವಿನ ಹಲ್ಲು ಓದುತ್ತಿದ್ದರೂ ಅವನ ಕಣ್ಣು ನಲವತ್ತೇಳಕ್ಕೆ ಹೋಗಿ ನಿಲ್ಲುತ್ತಿತ್ತು.

ಡಾಕ್ಟರ್ ಮುಲ್ಲಾ ಹೊರಗೆ ಬಂದು ಅವನ ಪಕ್ಕದಲ್ಲೇ ಕೂತರು. ಬೆಳಿಗ್ಗೆ ಡಬ್ಬಿ ಹಂಚಿಕೊಂಡು ತಿನ್ನುವ ಸಹೋದ್ಯೋಗಿಗೆ ಇಂಥದನ್ನು ಹೇಗೆ ಹೇಳುವುದೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಕಾಗದವನ್ನೇ ಕೈಗೆ ಕೊಟ್ಟರು. ರಕ್ತ: ಅರ್ಜಿದಾರ ಈ ಮಗುವಿನ ತಂದೆಯಲ್ಲ.

ಈಗ ಅವನೊಳಗೆ ಏನಾಯಿತೆಂದು ಹೇಳಬೇಕು, ಹೇಳಲು ಸಂಕಟವಾಗುತ್ತದೆ. ಮೊದಲು ಅವನು ಆ ಸಾಲನ್ನು ಎರಡು ಸಲ ಓದಿದ. ಆಮೇಲೆ ಅವನು ಕಾಗದ ಮಗುಚಿ ನಲವತ್ತೇಳನೇ ಪದರ ಹುಡುಕಿದ. ತಿಳಿಯಾಗಿತ್ತು, ಗೆರೆ ಇಲ್ಲ, ಮಸುಕೂ ಇಲ್ಲ. ಅಂದರೆ ಅವತ್ತು ಕಸ್ತೂರಿಗೆ ಏನೂ ಆಗಿರಲಿಲ್ಲ. ಯಾಕಾಗಬೇಕು, ಕೂಸು ತನ್ನದಾಗಿದ್ದರೆ ತಾನೆ. ಡಿಪೋದವರು ಹೇಳಿದ್ದೇ ಖರೆ. ಹೀಗೆ ಅಂದುಕೊಂಡಾಗ ಅವನಿಗೆ ಆರು ವರ್ಷದಲ್ಲಿ ಮೊದಲ ಸಲ ಮೈ ಹಗುರಾಯಿತು. ಹಗುರಾಯಿತು ಅನ್ನುವುದೇ ಈ ಕಥೆಯಲ್ಲಿ ಅತ್ಯಂತ ಕೆಟ್ಟ ಸಂಗತಿ. ಸುಳ್ಳು ಹೇಳಿದವನು ತಾನು ಹೇಳಿದ್ದು ನಿಜವೇ ಆಗಿತ್ತೆಂದು ತಿಳಿದರೆ ಎಷ್ಟು ಕುಣಿಯುತ್ತಾನೋ ಅಷ್ಟು ಅವನ ಮನಸ್ಸು ಕುಣಿಯಿತು.

ಅಷ್ಟಕ್ಕೇ ಮನೆಗೆ ಹೋಗಿದ್ದರೂ ಆಗುತ್ತಿತ್ತು. ಹೋಗಲಿಲ್ಲ. ಹಾಡುಹಗಲು, ಓಣಿಯ ಹೆಂಗಸರು ನಲ್ಲಿಯ ಹತ್ತಿರ ಇದ್ದಾಗ, ಅವನು ನೀಲವ್ವನ ಬಾಗಿಲಿಗೆ ಹೋಗಿ ನಿಂತ. ಕಾಗದ ಕೈಯಲ್ಲಿ ಹಿಡಿದಿದ್ದ.

"ಅವ್ವಾರ, ಕೂಸು ನಂದಲ್ಲ. ಯಂತ್ರಾನ ಹೇಳೇತಿ. ನಿಮ್ಮ ಮಗಳು ನಿಮಗೂ ಸುಳ್ಳ ಹೇಳಿದ್ಲು, ನನ್ನ ಹೆಸರೂ ಕೆಡಿಸಿದ್ಲು."

ನೀಲವ್ವನ ಹಿಂದೆ ಬಾಗಿಲ ಸಂದಿಯಲ್ಲಿ ಭಾಗಿ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಕೆಳಗಿನ ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ನಲ್ಲಿಯ ಹತ್ತಿರದ ಹೆಂಗಸರು ಕೊಡ ಕೆಳಗಿಟ್ಟು ಇತ್ತ ತಿರುಗಿದ್ದರು.

"ನೀರು ಕುಡಿದು ಹೋಗು, ತಮ್ಮಾ," ಅಂದಳು ನೀಲವ್ವ. ಅವನು ಕುಡಿಯದೆ ಹೋದ.

*

ಮೂರನೇ ದಿನ ನೀಲವ್ವ ಬಸ್ಸು ಹತ್ತಿ ಧಾರವಾಡಕ್ಕೆ ಬಂದಳು. ಕಾವಲಿನವನು ಒಳಗೆ ಬಿಡಲಿಲ್ಲ. ಕಾಂಪೌಂಡಿನ ಬೇವಿನ ಮರದ ಕೆಳಗೆ ಕೂತು, ಕಮ್ಮಾರ ಗುರುಪಾದನನ್ನು ಕರೆಯಿರಿ ಎಂದಳು. ಗುರುಪಾದ ಹೊರಗೆ ಬಂದಾಗ ಅವಳ ಮಡಿಲಲ್ಲಿ ಹಿತ್ತಾಳೆಯ ಕುಂಕುಮದ ಭರಣಿ ಇತ್ತು. ಕುಂತುಕೋ ಅಂದಳು. ಅವನು ನಿಂತೇ ಇದ್ದ.

"ನಿಮ್ಮ ಅಮೀನಗ ಸಿಕ್ಕ ಹಲ್ಲು ಎದರಾಗ ಇತ್ತು?"

ಸೆಗಣಿ ಉಂಡೆಯೊಳಗೆ ಅಂದ ಅವನು.

"ನಮ್ಮ ಓಣ್ಯಾಗ ಸೆಗಣಿ ಎಲ್ಲಿಂದ ಬಂತು, ತಮ್ಮಾ?"

ಊರೊಳಗೆ ದನ ಕಟ್ಟಬಾರದೆಂದು ಹುಕುಂ ಆಗಿ ಇಪ್ಪತ್ತು ವರ್ಷವಾಗಿತ್ತು. ಆ ಓಣಿಯಲ್ಲಿ ಆಕಳ ಬಾಲ ಕಂಡ ಮಕ್ಕಳೇ ಇರಲಿಲ್ಲ. ದೀಪಾವಳಿಗೆ ಸೆಗಣಿಯಲ್ಲಿ ಮಾಡಿ ಪೂಜಿಸುವ ಪಾಂಡವರಿಗೂ ಈಗ ಪೇಟೆಯಿಂದ ಮಣ್ಣಿನ ಉಂಡೆ ತರುತ್ತಿದ್ದರು. ಪದ್ಧತಿ ಎಲ್ಲರಿಗೂ ಗೊತ್ತಿದ್ದ ಕಾರಣಕ್ಕೇ ಯಾರಿಗೂ ಅದು ಹೊಳೆದಿರಲಿಲ್ಲ. ಅಮೀನನಿಗಿಲ್ಲ, ಡಾಕ್ಟರಿಗಿಲ್ಲ. ಯಂತ್ರ ದಿನಗಳನ್ನು ಎಣಿಸುತ್ತದೆ, ಹಲ್ಲು ಯಾವ ಇಸವಿಯದು ಎಂದು ಕೇಳುವುದಿಲ್ಲ.

ನೀಲವ್ವ ನಿಧಾನಕ್ಕೆ ಹೇಳಿದಳು. ಅವಳ ಮನೆಯಲ್ಲಿ ಒಂದು ಕಾಲಕ್ಕೆ ಗೌರಿ ಎಂಬ ಆಕಳಿತ್ತು. ಕಸ್ತೂರಿಗೆ ಆರು ವರ್ಷವಾಗಿ ಮೊದಲ ಹಲ್ಲು ಬಿದ್ದಾಗ ಆ ಹುಡುಗಿಯೇ ಗೌರಿಯ ಸೆಗಣಿಯಲ್ಲಿ ಉಂಡೆ ಕಟ್ಟಿ ಎಸೆದಿದ್ದಳು. ಮೂರು ಸಲ ಎಸೆದರೂ ಜಾರಿ ಕೆಳಗೆ ಬಿದ್ದಿತ್ತು, ನಾಲ್ಕನೇ ಸಲ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅಮೀನನ ಅಂಗೈಯಲ್ಲಿ ಉಂಡೆ ಕಂಡಾಗ ನೀಲವ್ವನಿಗೆ ಎಲ್ಲವೂ ಗೊತ್ತಾಗಿತ್ತು. ಭಾಗಿಯ ಹಲ್ಲನ್ನು ಅವಳು ಎಸೆದೇ ಇರಲಿಲ್ಲ, ಬಚ್ಚಿಟ್ಟಿದ್ದಳು. ಮೊಮ್ಮಗಳನ್ನು ಕಳೆದುಕೊಳ್ಳಬಾರದೆಂದು ಕೋರ್ಟಿಗೆ ಸುಳ್ಳು ಹೇಳಿದ್ದಳು.

ಗುರುಪಾದ ಈಗ ಮರದ ಬುಡಕ್ಕೆ ಕೂತ. ಅವನು ಕಾಗದ ಹಿಡಿದು ಓಣಿಯಲ್ಲಿ ಓದಿ ಬಂದದ್ದು ಆರು ವರ್ಷದ ಕಸ್ತೂರಿಯ ಹಲ್ಲು. ತಿಳಿಯಾಗಿದ್ದ ನಲವತ್ತೇಳನೇ ಪದರ ಈ ಮುದುಕಿ ಅವಳನ್ನು ಹೊತ್ತಿದ್ದಾಗಿನ ಒಂದು ನೆಮ್ಮದಿಯ ದಿನ.

"ನಾ ಸುಮ್ಮನಿದ್ರ ಭಾಗಿ ನನ್ನ ಹತ್ರಾನ ಉಳೀತಿದ್ಲು," ಅಂದಳು ನೀಲವ್ವ. "ಕಾಗದ ನನ್ನ ಕಡೀನ ಇತ್ತು. ಮೂರ ದಿನ ಸುಮ್ಮನ ಇದ್ದು ನೋಡಿದೆ. ಆದರ ನನ್ನ ಮಗಳು ಸುಳ್ಳಿ ಆಗಿ ಉಳೀತಾಳ. ಅದು ನನಗ ಬ್ಯಾಡ."

ಭರಣಿಯ ಮುಚ್ಚಳ ತೆಗೆದಳು. ಕುಂಕುಮ ಮೆತ್ತಿಕೊಂಡ ಚಿಕ್ಕ ಹಲ್ಲು. ಅವನ ಕೈ ಮುಂದೆ ಬರಲಿಲ್ಲ. ಮುಟ್ಟುವಂತಿಲ್ಲ ಎಂಬ ಕಾಯ್ದೆ ನೆನಪಾಗಿ ಅಲ್ಲ, ಮುಟ್ಟುವ ಮುಖ ತನಗೆ ಉಳಿದಿಲ್ಲ ಅನ್ನಿಸಿ. ಡಾಕ್ಟರ್ ಮುಲ್ಲಾ ಅವರನ್ನು ಕರೆತಂದು ಅವರ ಕೈಗೇ ಕೊಡಿಸಿದ. ನೀಲವ್ವನನ್ನು ಬಸ್ ನಿಲ್ದಾಣದವರೆಗೆ ಬಿಟ್ಟುಬರಲು ಹೋದ. ದಾರಿಯುದ್ದಕ್ಕೂ ತಪ್ಪಾಯಿತು ಅನ್ನಬೇಕೆಂದು ನಾಲ್ಕೈದು ಸಲ ಅಂದುಕೊಂಡ. ಅನ್ನುವ ಮೊದಲೇ ಬಸ್ಸು ಬಂತು.

*

ಎರಡನೇ ವರದಿ ಬಂದಾಗ ಡಾಕ್ಟರ್ ಮುಲ್ಲಾ ಅವನನ್ನು ಕೋಣೆಗೆ ಕರೆದರು. ರಕ್ತ: ಅರ್ಜಿದಾರನೇ ತಂದೆ. ಒಡನಾಟ: ಹುಟ್ಟಿದಂದಿನಿಂದ ತೊಂಬತ್ತೆರಡು ದಿನದಲ್ಲಿ ತೊಂಬತ್ತೆರಡೂ ದಿನ ತಾಯಿ, ಎಂಬತ್ತೊಂಬತ್ತು ದಿನ ಅಜ್ಜಿ. ಈ ಸಲ ನೀಲವ್ವ ತನ್ನ ಮಾದರಿಯನ್ನೂ ಕೊಟ್ಟಿದ್ದಳು. ಅರ್ಜಿದಾರ: ಸೊನ್ನೆ. ಅದರ ಕೆಳಗೆ ಒಂದು ಚಿತ್ರ. ಹುಟ್ಟಿನ ಗೆರೆ, ಅದಕ್ಕಿಂತ ಹಿಂದೆ ಇನ್ನೊಂದು ಗೆರೆ. ಹುಟ್ಟಿನದಕ್ಕಿಂತಲೂ ಅದೇ ಕಪ್ಪಗಿತ್ತು. ಎದುರಿಗೆ, ನಲವತ್ತೇಳನೇ ದಿನ, ಕಾರಣ ತಿಳಿದುಬಂದಿಲ್ಲ ಎಂದು ಅಚ್ಚಾಗಿತ್ತು.

ಹನ್ನೊಂದು ವರ್ಷದಲ್ಲಿ ಇಷ್ಟು ಕಪ್ಪು ಗೆರೆಯನ್ನು ತಾನು ಮೂರೋ ನಾಲ್ಕೋ ಸಲ ನೋಡಿದ್ದೇನೆ ಅಂದರು ಡಾಕ್ಟರ್. ತಾಯಿಗೆ ಭಾರಿ ಜ್ವರ ಬಂದಿರಬೇಕು. ಕಾರಣ ಯಾರೂ ಹೇಳದಿದ್ದರೆ ಕೋರ್ಟು ಅದನ್ನು ಕಾಯಿಲೆ ಅಂತಲೇ ಹಿಡಿಯುತ್ತದೆ, ನಿನಗೇನೂ ತೊಂದರೆಯಿಲ್ಲ, ಮಗು ನಿನ್ನ ಮನೆಗೆ ಬಂದಂತೆಯೇ ಎಂದು ಬೆನ್ನು ತಟ್ಟಿದರು. ಗುರುಪಾದ ಆಗಲಿ ಅಂದ. ಆಗಲಿ ಅನ್ನುವಾಗ ಅವನಿಗೆ ಸಮಾಧಾನವೇ ಆಯಿತು, ಅದನ್ನೂ ಮುಚ್ಚಿಡುವುದು ಬೇಡ.

ಅವನು ಆ ಚಿತ್ರವನ್ನು ಮನೆಗೆ ಒಯ್ದು ಊಟದ ಮೇಜಿನ ಮೇಲಿಟ್ಟ. ಮಗಳಿಗೆಂದು ಸುಣ್ಣ ಬಳಿಸಿದ್ದ ಕೋಣೆಯ ಬಾಗಿಲು ಎದುರಿಗೇ ಇತ್ತು. ಒಂದು ಚಿಕ್ಕ ಮಂಚ, ಒಂದು ಕನ್ನಡಿ. ಹಾಲುಹಲ್ಲು ಇಪ್ಪತ್ತು. ಇಪ್ಪತ್ತೂ ಹುಟ್ಟುವ ಮುಂಚೆಯೇ ಕಟ್ಟತೊಡಗುತ್ತವೆ, ಇದು ಅವನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ. ಅಂದರೆ ಆ ಹುಡುಗಿ ಬಾಯಿ ತೆರೆದು ನಕ್ಕಾಗ ಕಾಣುವ ಒಂದೊಂದು ಹಲ್ಲಿನಲ್ಲೂ ಆಗಸ್ಟ್ ಹನ್ನೊಂದು ಇತ್ತು. ಅವಳು ಆ ಹಲ್ಲುಗಳಿಂದಲೇ ರೊಟ್ಟಿ ಕಡಿಯುತ್ತಿದ್ದಳು. ಅವನಿಗೆ ಅವತ್ತು ಊಟ ಸೇರಲಿಲ್ಲ.

*

ಕೋರ್ಟಿನಲ್ಲಿ ನ್ಯಾಯಾಧೀಶೆ ಮೊದಲ ಹಲ್ಲಿನ ಗೊಂದಲ ಕೇಳಿ, ಸುಳ್ಳು ಹೇಳಿದ್ದಕ್ಕೆ ನೀಲವ್ವನಿಗೆ ಎರಡು ಮಾತು ಗದರಿದರು, ಆಮೇಲೆ ನಿಜ ತಂದುಕೊಟ್ಟದ್ದಕ್ಕೆ ಸುಮ್ಮನಾದರು. ಎರಡನೇ ವರದಿ ಓದಿ, ಅರ್ಜಿದಾರ ತಂದೆಯೆಂಬುದರಲ್ಲಿ ಅನುಮಾನವಿಲ್ಲ ಅಂದರು. ನಲವತ್ತೇಳನೇ ದಿನದ ಗೆರೆಗೆ ಬಂದರು. ಗುರುಪಾದನ ವಕೀಲರು, ತಾಯಿಗೆ ಜ್ವರವಿದ್ದಿರಬಹುದು ಅಂದರು. ಆಗಸ್ಟ್ ಹನ್ನೊಂದು, ಶುಕ್ರವಾರ, ನಿಮಗೇನಾದರೂ ನೆನಪಿದೆಯೇ ಎಂದು ನ್ಯಾಯಾಧೀಶೆ ನೀಲವ್ವನನ್ನು ಕೇಳಿದರು.

ತಾರೀಖು ಗೊತ್ತಿಲ್ಲ, ಶ್ರಾವಣದ ಸುಮಾರಿಗೆ ಒಂದು ದಿನ ಮಗಳು ಡ್ಯೂಟಿಯಿಂದ ಬಂದವಳು ಉಣ್ಣಲಿಲ್ಲ, ಬಸ್ಸಿನಲ್ಲಿ ನಿಂತು ನಿಂತು ಕಾಲು ನೋವು ಅಂದಳು, ನಾನು ಎಣ್ಣೆ ಹಚ್ಚಿದೆ ಎಂದು ನೀಲವ್ವ ಹೇಳಿದಳು. ಎಣ್ಣೆ ಹಚ್ಚುವಾಗ ಮಗಳು ಅತ್ತಳು, ಅಷ್ಟು ನೋವಿತ್ತೇನೋ. ಹಾಗಾದರೆ ಅನಾರೋಗ್ಯ ಎಂದು ಬರೆದುಕೊಳ್ಳೋಣ ಎಂದು ನ್ಯಾಯಾಧೀಶೆ ಬರೆಯುವವನ ಕಡೆ ತಿರುಗಿದರು.

ಗುರುಪಾದ ಎದ್ದು ನಿಂತ. ವಕೀಲರು ಅಂಗಿ ಜಗ್ಗಿದರು.

"ಜ್ವರ ಅಲ್ರಿ, ಕಾಲು ನೋವೂ ಅಲ್ರಿ," ಅಂದ. "ಆ ಗೆರಿ ನಾನರಿ."

ಆಮೇಲೆ ಸಂಘದ ಕೋಣೆ, ಮೂವರು ಹಿರಿಯರು, ಡ್ರೈವರನ ಮಾತು, ಹನ್ನೊಂದೂ ಹತ್ತರ ಗಾಡಿ ಎಲ್ಲವನ್ನೂ ಹೇಳಿದ. ಗೊತ್ತಿರಲಿಲ್ಲ ಎಂದು ಸಹಿ ಮಾಡಿದ್ದು ಸುಳ್ಳು ಅಂದ. 'ಕೂಸು ನಂದು ಅಂತ ನನಗ ಅವತ್ತೂ ಗೊತ್ತಿತ್ತು' ಅನ್ನುವಾಗ ಅವನ ದನಿ ಕೇಳಿಸದಷ್ಟು ಸಣ್ಣಗಾಯಿತು. ಬರೆಯುವವನು ಇನ್ನೊಮ್ಮೆ ಹೇಳಿ ಅಂದ, ಇನ್ನೊಮ್ಮೆ ಹೇಳಬೇಕಾಯಿತು. ನೀಲವ್ವನ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕಾಲು ನೋವು ಅಂದ್ಲು, ನಾ ಎಣ್ಣಿ ಹಚ್ಚಿದೆ, ಎಂದು ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿಗೆ ಮತ್ತೆ ಮತ್ತೆ ಹೇಳುತ್ತಿದ್ದಳು.

ತೀರ್ಪು ಚಿಕ್ಕದಾಗಿತ್ತು. ತಂದೆಯ ಹೆಸರು ದಾಖಲಾಗತಕ್ಕದ್ದು. ಮಗು ಅಜ್ಜಿಯ ಬಳಿಯೇ ಬೆಳೆಯತಕ್ಕದ್ದು. ತಂದೆ ಭಾನುವಾರ ಹತ್ತರಿಂದ ಐದರವರೆಗೆ, ಅಜ್ಜಿಯ ಮನೆಯಲ್ಲಿ, ಅಜ್ಜಿ ಒಪ್ಪಿದರೆ ಮಾತ್ರ ಮಗುವನ್ನು ನೋಡಬಹುದು. ಸುಳ್ಳು ಅರ್ಜಿಗೆ ಬೇರೆ ವಿಚಾರಣೆ. ಹೊರಗೆ ಬಂದಾಗ ನೀಲವ್ವ ಮೆಟ್ಟಿಲ ಮೇಲೆ ನಿಂತಿದ್ದಳು. ಅವನು ಕಾಲಿಗೆ ಬಾಗಲು ಹೋದ, ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಆದರೂ, ಭಾನುವಾರ ಬಾ, ಊಟ ಮಾಡಿಕೊಂಡು ಬರಬೇಡ ಅಂದಳು.

*

ಮೊದಲ ಭಾನುವಾರ ಭಾಗಿ ಅವನ ಹತ್ತಿರ ಬರಲಿಲ್ಲ. ಕಂಬದ ಹಿಂದೆ ನಿಂತು, "ಈಗ ನಾ ನಿಮ್ಮಾಕಿ ಏನ್ರಿ, ಅಲ್ಲೇನ್ರಿ?" ಎಂದು ಕೇಳಿದಳು. ಹೌದು ಅಂದ ಅವನು. ಹೋದ ಸಲ ಅಲ್ಲ ಅಂದಿದ್ರಿ, ಅಂದಳು ಅವಳು. ಸುಳ್ಳು ಹೇಳಿದ್ದೆ, ಅಂದ. ದೊಡ್ಡವರು ಹೀಗೂ ಒಪ್ಪಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲವೇನೋ, ಕಂಬ ಬಿಟ್ಟು ಎರಡು ಹೆಜ್ಜೆ ಈಚೆ ಬಂದಳು.

ನಾಲ್ಕನೇ ಭಾನುವಾರ ಶೇಂಗಾ ಚಿಕ್ಕಿ ಕಡಿಯುವಾಗ ಪಕ್ಕದ ಹಲ್ಲು ಕಿತ್ತು ಬಂತು. ಆ ವಾರವಷ್ಟೇ ಕೋರ್ಟಿನಿಂದ ವಾಪಸು ಬಂದ ಕಸ್ತೂರಿಯ ಹಲ್ಲಿನ ಲಕೋಟೆಯನ್ನು ಗುರುಪಾದ ತಂದಿದ್ದ. ಹಲ್ಲನ್ನು, ಅಂದರೆ ಸೀಳಿ ಉಳಿದಷ್ಟನ್ನು, ನೀಲವ್ವ ಭರಣಿಗೆ ಹಾಕಿಕೊಂಡಳು. ಲಕೋಟೆಯ ತಳದಲ್ಲಿ ಒಡೆದ ಸೆಗಣಿಯ ಚೂರುಗಳಿದ್ದವು. ಭಾಗಿ ಅವನ್ನು ಬಿಡಲಿಲ್ಲ. ಅವ್ವ ಒಗೆದ ಹಾಗೇ ತಾನೂ ಒಗೆಯಬೇಕು ಅಂದಳು. ನೀಲವ್ವ ಚೂರಿಗೆ ನೀರು ಚಿಮುಕಿಸಿ, ಅಂಗಳದ ಒಂದು ಚಿಟಿಕೆ ಮಣ್ಣು ಸೇರಿಸಿ ಉಂಡೆ ಕಟ್ಟಿದಳು. ಎತ್ತರ ಮುಟ್ಟುವುದಿಲ್ಲ, ನಿಮ್ಮಪ್ಪನ ಕೈಯಲ್ಲಿ ಕೊಡು ಅಂದಳು. ನಿಮ್ಮಪ್ಪ ಎಂಬ ಮಾತು ಅವಳ ಬಾಯಿಂದ ಅವನು ಕೇಳಿದ್ದು ಅದೇ ಮೊದಲು. ಅವನು ಆ ಕಡೆ ಮುಖ ತಿರುಗಿಸಿಕೊಂಡ.

ಭಾಗಿ ಉಂಡೆಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ನೀ ಹಲ್ಲು ಓದ್ತಿಯಂತ ಹೌದ? ಇದರಾಗ ಏನ ಬರದೈತಿ?"

ಅವನು ಅವಳ ಎತ್ತರಕ್ಕೆ ಕೂತ. "ನಿಮ್ಮವ್ವನ್ನ ನಾ ಒಂದಿನ ಭಾಳ ಅಳಿಸಿದ್ದೆ," ಅಂದ. "ಅದು ಬರದೈತಿ."

ಹುಡುಗಿ ಉಂಡೆಯನ್ನೂ ಅವನ ಮುಖವನ್ನೂ ನೋಡಿದಳು.

"ಹಂಗಾರ ಜೋರಾಗಿ ಒಗಿ."

ಅವನು ಎದ್ದು ಎಸೆದ. ಜಾರಿ ಕೆಳಗೆ ಬಿತ್ತು. ಎತ್ತಿಕೊಂಡು ಮತ್ತೆ ಎಸೆದ. ಈ ಸಲ ಹಂಚಿನ ಸಂದಿಯಲ್ಲಿ ನಿಂತಿತು. ಭಾಗಿ ತಲೆಯೆತ್ತಿ, ಹಳೇದು ತಗೋ ಹೊಸಾದು ಕೊಡು ಎಂದು ಕೂಗಿದಳು. ಆಮೇಲೆ ಬಾಯಿ ಅಗಲಿಸಿ, ಬೆರಳಿನಿಂದ ಒಂದೊಂದೇ ಹಲ್ಲು ಮುಟ್ಟುತ್ತ ಎಣಿಸಿದಳು. ಎಣಿಕೆ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದಳು.

"ಇನ್ನ ಹದಿನೆಂಟ ಅದಾವ," ಅಂದಳು.

ಗೊತ್ತು ಅಂದ ಗುರುಪಾದ.